ಸಭೆ ಮೌನವಾದಾಗ

ಶಿವಮೊಗ್ಗ ನಗರದಿಂದ ಉತ್ತರಕ್ಕೆ ಹೊರಡುವ ಸವಳಂಗ ರಸ್ತೆಯು ನವುಲೆಯನ್ನು ದಾಟಿ, ಸವಳಂಗದ ಮಾರ್ಗವಾಗಿ ಶಿಕಾರಿಪುರದ ಸೀಮೆಯನ್ನು ಸೇರುತ್ತದೆ. ಆ ಸೀಮೆಯ ಬಳ್ಳಿಗಾವಿಯು ಅಲ್ಲಮಪ್ರಭುವಿನ ಜನ್ಮಸ್ಥಳ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಅನುಭವ ಮಂಟಪಕ್ಕೆ ಅಲ್ಲಮನು ಅಧ್ಯಕ್ಷನಾಗಿದ್ದನೆಂದೂ, ಅಲ್ಲಿ ಕುಲಭೇದ, ಲಿಂಗಭೇದಗಳಿಲ್ಲದೆ ಎಲ್ಲರೂ ಪ್ರಶ್ನೆ ಕೇಳಬಹುದಾಗಿತ್ತೆಂದೂ ಪರಂಪರೆ ಹೇಳುತ್ತದೆ. ನಗರದ ಇನ್ನೊಂದು ಮಗ್ಗುಲಲ್ಲಿ, ತುಂಗಾನದಿಯ ದಡದಲ್ಲಿ, ಮತ್ತೂರು ಮತ್ತು ಹೊಸಹಳ್ಳಿಗಳಿವೆ. ಹೊಸಹಳ್ಳಿಯು ಗಮಕ ಕಲೆಗೆ ಹೆಸರಾದ ಊರು. 2022ರಲ್ಲಿ ಪದ್ಮಶ್ರೀ ಗೌರವ ಪಡೆದ ಗಮಕಿ ಎಚ್.ಆರ್. ಕೇಶವಮೂರ್ತಿ ಅವರು ಇಲ್ಲಿಯವರು. ಹೀಗೆ ಪ್ರಶ್ನಿಸುವ ಸಭೆಯ ನೆನಪೂ, ಕಾವ್ಯವನ್ನು ಆಲಿಸುವ ಸಭೆಯ ರೂಢಿಯೂ ಒಂದೇ ಸೀಮೆಯಲ್ಲಿ ಕೂಡಿಕೊಂಡಿವೆ.

ಗಮಕವೆಂದರೆ ಸಾಹಿತ್ಯ ಮತ್ತು ಸಂಗೀತಗಳ ಸಂಗಮ. ಗಮಕಿಯು ಪದ್ಯದ ಭಾವಕ್ಕೆ ಒಪ್ಪುವ ರಾಗವನ್ನು ಆರಿಸಿ, ತಾಳದ ಕಟ್ಟಿಗೆ ಒಳಗಾಗದೆ, ಪದಗಳು ಸ್ಪಷ್ಟವಾಗಿ ಕೇಳುವಂತೆ ವಾಚಿಸುತ್ತಾನೆ. ವ್ಯಾಖ್ಯಾನಕಾರನು ಅದರ ಅರ್ಥವನ್ನು ವಿವರಿಸುತ್ತಾನೆ. ಈ ಕಲೆಗೆ ದೊಡ್ಡ ರಂಗಮಂದಿರವಾಗಲಿ, ವಾದ್ಯವೃಂದವಾಗಲಿ ಬೇಕಿಲ್ಲ. ಶ್ರುತಿ ಹಿಡಿಯಲು ಒಂದು ತಂಬೂರಿ, ಕೇಳಲು ಹತ್ತಾರು ಮಂದಿ ಇದ್ದರೆ ಸಾಕು.

ಇಂತಹ ಸಂಜೆಗಳಲ್ಲಿ ಕುಮಾರವ್ಯಾಸನ ಭಾರತಕ್ಕೆ ವಿಶೇಷ ಮನ್ನಣೆ. ಅದರ ಸಭಾಪರ್ವವು ಒಂದು ಸಭೆ ಕುಸಿದ ಕಥೆ. ದ್ಯೂತದಲ್ಲಿ ಧರ್ಮರಾಯನು ಮೊದಲು ತನ್ನನ್ನೇ ಸೋತ ಮೇಲೆ, ತನ್ನನ್ನು ಪಣವಾಗಿಡುವ ಅಧಿಕಾರ ಅವನಿಗಿತ್ತೇ ಎಂದು ದ್ರೌಪದಿಯು ಕೇಳುತ್ತಾಳೆ. ಅದು ನ್ಯಾಯದ ಪ್ರಶ್ನೆ. ಭೀಷ್ಮ, ದ್ರೋಣರಂತಹ ಹಿರಿಯರು ಅಲ್ಲಿದ್ದರೂ ಅವಳಿಗೆ ನೇರವಾದ ಉತ್ತರ ದೊರೆಯುವುದಿಲ್ಲ. ಕೌರವರಲ್ಲೇ ಒಬ್ಬನಾದ ವಿಕರ್ಣನು ಎದ್ದು ಅವಳ ಪರವಾಗಿ ನುಡಿದಾಗ ಕರ್ಣನು ಅವನನ್ನು ಜರೆಯುತ್ತಾನೆ. ಸಭಾಭವನ ನಿಂತೇ ಇದೆ, ಸಿಂಹಾಸನವೂ ಇದೆ, ಆಸನಗಳೂ ತುಂಬಿವೆ. ಆದರೆ ಸಭೆ ಎಂಬುದು ಅಲ್ಲಿ ಉಳಿದಿಲ್ಲ.

ಪ್ರಜಾಪ್ರಭುತ್ವವೂ ಅನೇಕ ವೇಳೆ ಹೀಗೆ ಸಭೆಯ ಒಳಗಿನಿಂದಲೇ ಕುಸಿಯುತ್ತದೆ. 1933ರ ಜನವರಿ 30ರಂದು ಹಿಟ್ಲರನು ಜರ್ಮನಿಯ ಪ್ರಧಾನಿಯಾದುದು ಅಧ್ಯಕ್ಷರ ನೇಮಕದಿಂದ. ಮಾರ್ಚ್ 23ರಂದು ಸಂಸತ್ತು ಶಾಸನ ರಚಿಸುವ ಅಧಿಕಾರವನ್ನು ಮಂತ್ರಿಮಂಡಲಕ್ಕೆ ತಾನೇ ಒಪ್ಪಿಸಿತು. ವಿರೋಧಿಸಿ ಮತ ನೀಡಿದವರು ಸಮಾಜವಾದಿ ಪ್ರಜಾಸತ್ತಾತ್ಮಕ ಪಕ್ಷದ 94 ಸದಸ್ಯರು ಮಾತ್ರ. ಮೇ 10ರಂದು ನಗರದ ಚೌಕಗಳಲ್ಲಿ ಪುಸ್ತಕಗಳನ್ನು ಸುಡಲಾಯಿತು.

ಭಾರತದಲ್ಲಿ 1975ರ ಜೂನ್ 25ರ ರಾತ್ರಿ ಆಂತರಿಕ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಪತ್ರಿಕೆಗಳು ಮುದ್ರಣಕ್ಕೆ ಮುನ್ನವೇ ಪರಿಶೀಲನೆಗೆ ಒಳಗಾದುವು. ವಿಚಾರಣೆಯಿಲ್ಲದೆ ಸಾವಿರಾರು ಮಂದಿಯನ್ನು ಸೆರೆಗೆ ತಳ್ಳಲಾಯಿತು. ತೀರ್ಥಹಳ್ಳಿ ಸೀಮೆಯ ಲೇಖಕ ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿಯು 1970ರಲ್ಲಿ ಚಲನಚಿತ್ರವಾದಾಗ ಚಂದ್ರಿಯ ಪಾತ್ರ ವಹಿಸಿದ್ದ ಸ್ನೇಹಲತಾ ರೆಡ್ಡಿಯವರು 1976ರ ಮೇ ತಿಂಗಳಲ್ಲಿ ಬಂಧಿತರಾಗಿ ಬೆಂಗಳೂರಿನ ಕೇಂದ್ರ ಕಾರಾಗೃಹವನ್ನು ಸೇರಿದರು. ಉಬ್ಬಸದಿಂದ ಬಳಲುತ್ತಿದ್ದ ಅವರು ಸೆರೆಯಲ್ಲಿಯೂ ದಿನಚರಿ ಬರೆದರು. 1977ರ ಜನವರಿ 15ರಂದು ಹೊರಬಂದು, ಐದೇ ದಿನಗಳಲ್ಲಿ ತೀರಿಕೊಂಡರು.

ಸೆರೆಯಾದವರು ನ್ಯಾಯಾಲಯದ ಮೊರೆ ಹೋಗುವಂತಿಲ್ಲವೆಂದು 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ತೀರ್ಪಿತ್ತರು. ಎಚ್.ಆರ್. ಖನ್ನಾ ಅವರೊಬ್ಬರೇ ಭಿನ್ನಮತವನ್ನು ಬರೆದರು. ಮುಂದೆ ಮುಖ್ಯ ನ್ಯಾಯಮೂರ್ತಿಯ ಸ್ಥಾನ ಅವರಿಗೆ ತಪ್ಪಿತು. 1977ರ ಮಾರ್ಚ್‌ನಲ್ಲಿ ಜನರು ಮತದ ಮೂಲಕ ಸರ್ಕಾರವನ್ನು ಬದಲಿಸಿದರು. 1978ರ 44ನೆಯ ತಿದ್ದುಪಡಿಯು ಜೀವದ ಹಾಗೂ ವೈಯಕ್ತಿಕ ಸ್ವಾತಂತ್ರ್ಯದ ಹಕ್ಕಿಗೆ ತುರ್ತುಪರಿಸ್ಥಿತಿಯಲ್ಲಿಯೂ ರಕ್ಷಣೆ ಒದಗಿಸಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, 1976ರ ಆ ತೀರ್ಪು ರದ್ದಾಯಿತು. ವಿಕರ್ಣನ ಮಾತಿಗೆ ಸಭೆ ತಲೆದೂಗಲು ಇಲ್ಲಿ ನಲವತ್ತೊಂದು ವರ್ಷಗಳು ಬೇಕಾದುವು.

ಸೆರೆಮನೆಯಲ್ಲಿ ದಿನಚರಿ ಹುಟ್ಟಿದಂತೆ ಸಂಗೀತವೂ ಹುಟ್ಟಿದುದುಂಟು. ಕೆಲವೇ ವಾದಕರು ಚಿಕ್ಕ ಕೋಣೆಯಲ್ಲಿ ನುಡಿಸುವ ಸಂಗೀತದ ಸಂಪ್ರದಾಯವೊಂದು ಯುರೋಪಿನಲ್ಲಿದೆ. ಜರ್ಮನರ ಯುದ್ಧಕೈದಿಯಾಗಿದ್ದ ಫ್ರೆಂಚ್ ಸಂಗೀತಕಾರ ಒಲಿವಿಯೇ ಮೆಸ್ಸಿಯಾನನು ಗೋರ್ಲಿಟ್ಸ್ ಶಿಬಿರದಲ್ಲಿ ಪಿಟೀಲು, ಚೆಲ್ಲೊ, ಕ್ಲಾರಿನೆಟ್ ಮತ್ತು ಪಿಯಾನೊಗಳಿಗಾಗಿ ಕೃತಿಯೊಂದನ್ನು ಪೂರ್ಣಗೊಳಿಸಿದನು. 1941ರ ಜನವರಿ 15ರಂದು ನಾಲ್ವರು ಕೈದಿಗಳು ಅದನ್ನು ನುಡಿಸಿದರು. ಕೈದಿಗಳೂ ಕಾವಲಿನವರೂ ಕುಳಿತು ಕೇಳಿದರು. ಅದರಲ್ಲಿ ರಾಜಕೀಯದ ಮಾತಿರಲಿಲ್ಲ. ಆದರೂ ಅಪ್ಪಣೆಗಳಷ್ಟೇ ಕೇಳಿಬರುತ್ತಿದ್ದ ಆ ಸ್ಥಳದಲ್ಲಿ ಮನುಷ್ಯರು ಒಬ್ಬರನ್ನೊಬ್ಬರು ಆಲಿಸಿದರು.

ಕಾವ್ಯವಾಚನದ ಒಂದು ಸಂಜೆಯು ಕಾನೂನನ್ನು ತಿದ್ದಲಾರದು, ಸೆರೆಮನೆಯ ಬಾಗಿಲನ್ನು ತೆರೆಯಲಾರದು. ಆ ಕೆಲಸಗಳು ಮತದಾರರಿಗೆ, ಶಾಸಕರಿಗೆ, ನ್ಯಾಯಾಧೀಶರಿಗೆ ಸೇರಿದುವು. ಆದರೆ ಈ ಮೂವರೂ ಮೊದಲು ಕೇಳುಗರು. ದ್ರೌಪದಿಯ ಪ್ರಶ್ನೆಯನ್ನು ಎಳೆಯ ವಯಸ್ಸಿನಲ್ಲೇ ರಾಗದೊಡನೆ ಕೇಳಿ, ಅದಕ್ಕೆ ಉತ್ತರ ಬಾರದ ಮೌನವನ್ನೂ ಕೇಳಿದವನು, ಮುಂದೆ ತಾನು ಕುಳಿತ ಸಭೆಯಲ್ಲಿ ಅದೇ ಮೌನ ಕವಿದಾಗ ಅದನ್ನು ಗುರುತಿಸಬಲ್ಲನು. ಎದ್ದು ನಿಂತು ಮಾತನಾಡುವುದು ಅವನ ಹೊಣೆ.