ಮೆರುಗೂ ಕೀಲೆಣ್ಣೆಯೂ

ಹಳೆಯ ಕಾರುಗಳನ್ನು ಪ್ರೀತಿಸುವವರಲ್ಲಿ ಎರಡು ಪಂಗಡಗಳಿವೆ: ಮೆರುಗಿನವರು, ಕೀಲೆಣ್ಣೆಯವರು. ನಾನು ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಸೇರಿದ ಬಗೆಯನ್ನು ಇಲ್ಲಿ ಹೇಳಬೇಕಾಗಿದೆ.

ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ನೆಲೆಸಿರುವ ನನ್ನ ಬಳಿ 1966ರ ಎಂ.ಜಿ.ಬಿ. ಕಾರೊಂದಿದೆ. ಇಬ್ಬರು ಮಾತ್ರ ಕೂರಬಹುದಾದ ಪುಟ್ಟ ಸ್ಪೋರ್ಟ್ಸ್ ಕಾರು ಅದು. ಇಲ್ಲಿಗೆ ಸಮೀಪದ ಆಬಿಂಗ್ಡನ್ ಪಟ್ಟಣದ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಇಂಥವು 5 ಲಕ್ಷಕ್ಕೂ ಮೀರಿ ತಯಾರಾದವು. ಆ ವರ್ಷವೇ ಕಾರ್ಖಾನೆ ಮುಚ್ಚಿತು. ಕಾರುಗಳು ಮಾತ್ರ, ಓಡಿಸುವವರಿದ್ದಲ್ಲಿ, ಇಂದಿಗೂ ಓಡುತ್ತಿವೆ.

ಮೊದಲ ಮೂರು ವರ್ಷ ನಾನು ಅದನ್ನು ಓಡಿಸಲಿಲ್ಲ, ಪೂಜಿಸಿದೆ. ಹೊಸ ಬಣ್ಣ ಹೊಡೆಸಿದೆ. ಚಕ್ರದ ಒಂದೊಂದು ತಂತಿಯನ್ನೂ ಉಜ್ಜಿದೆ. ಮಳೆ ಬಂದೀತೆಂದು ಷೆಡ್ಡಿನಿಂದ ಹೊರಗೆ ತೆಗೆಯಲಿಲ್ಲ. ನೋಡಿದವರು ಹೊಗಳಿದರು, ನಾನು ಉಬ್ಬಿದೆ.

ಕೊನೆಗೊಂದು ವಸಂತದ ಬೆಳಗ್ಗೆ ಹನ್ನೆರಡು ವರ್ಷದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ಇಳಿಜಾರೊಂದರಲ್ಲಿ ಬ್ರೇಕನ್ನು ಒತ್ತಿದೆ. ಪೆಡಲು ಮೆತ್ತಗೆ ನೆಲ ಮುಟ್ಟಿತು. ನಾಲ್ಕು ಚಕ್ರಗಳಿಗೂ ಬ್ರೇಕಿನ ಎಣ್ಣೆ ಹರಿಯಲು ಒಂದೇ ಮಾರ್ಗವಿರುವ ಕಾರು ಅದು. ಒಂದೆಡೆ ಸೋರಿದರೆ ನಾಲ್ಕೂ ಹೋದಂತೆ. ಗೇರು ಇಳಿಸಿದೆ, ಎಣ್ಣೆಯ ಹಂಗಿಲ್ಲದೆ ತಂತಿಯಿಂದ ಕೆಲಸ ಮಾಡುವ ಹ್ಯಾಂಡ್‌ಬ್ರೇಕನ್ನು ಎಳೆದೆ. ಬೇಲಿಗೆ ಗೇಣು ದೂರದಲ್ಲಿ ಕಾರು ನಿಂತಿತು.

"ಇಷ್ಟು ಹೊಳೆಯೋ ಕಾರು ಯಾಕಪ್ಪ ನಿಲ್ಲಲಿಲ್ಲ?" ಎಂದಳು ಮಗಳು.

ಉತ್ತರ ಕಷ್ಟದ್ದೇನಲ್ಲ. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ನಿಂತಲ್ಲೇ ನಿಂತ ಕಾರಿನಲ್ಲಿ ಆ ತೇವ ಸಿಲಿಂಡರಿನ ಒಳಮೈಗೆ ತುಕ್ಕು ಹಿಡಿಸುತ್ತದೆ. ಮತ್ತೆ ಓಡಿದಾಗ ಒರಟಾದ ಲೋಹ ಒಳಗಿನ ರಬ್ಬರನ್ನು ಹರಿದುಹಾಕುತ್ತದೆ. ಕಾರ್ಬುರೇಟರಿನಲ್ಲಿ ಉಳಿದ ಪೆಟ್ರೋಲೂ ಅಂಟಾಗುತ್ತದೆ. ಓಟದಿಂದ ಸವೆಯುವ ಯಂತ್ರ ವಿಶ್ರಾಂತಿಯಿಂದಲೂ ಕೆಡುತ್ತದೆಂಬುದು ನನಗೆ ಹೊಳೆದಿರಲಿಲ್ಲ. ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆಯನ್ನು ಶಾಲೆಯಲ್ಲಿ ಎಷ್ಟೋ ಸಲ ಕಾಪಿ ಬರೆದಿದ್ದೆ. ಅರ್ಥವಾದದ್ದು ಆ ಇಳಿಜಾರಿನಲ್ಲಿ.

ನಮ್ಮೂರಿನಲ್ಲಿ ಅಜ್ಜ ಎತ್ತಿನ ಗಾಡಿಗೆ ಬಣ್ಣ ಬಳಿಯುತ್ತಿದ್ದುದು ಹಬ್ಬಕ್ಕೊಮ್ಮೆ. ಅಚ್ಚಿಗೆ ಕೀಲೆಣ್ಣೆ ಹಾಕದೆ ಮಾತ್ರ ಎಂದೂ ದೂರದ ಪಯಣ ಹೊರಟವರಲ್ಲ. ಈಗ ನಾನೂ ಹಾಗೆಯೇ. ಎರಡು ವರ್ಷಕ್ಕೊಮ್ಮೆ ಬ್ರೇಕಿನ ಎಣ್ಣೆ ಬದಲಾಯಿಸುತ್ತೇನೆ. ಮುಂಚಕ್ರಗಳು ತಿರುಗುವ ಕೀಲುಗಳಿಗೆ 3,000 ಮೈಲಿಗೊಮ್ಮೆ ಗ್ರೀಸು ತುಂಬುತ್ತೇನೆ. ಮಳೆಯಿರಲಿ ಬಿಸಿಲಿರಲಿ, ವಾರಕ್ಕೊಮ್ಮೆ ಓಡಿಸುತ್ತೇನೆ. ಬಣ್ಣದ ಮೇಲೆ ಗೀರುಗಳು ಬಿದ್ದಿವೆ. ಈಚೆಗೆ ಯಾರೂ ಅಷ್ಟಾಗಿ ಹೊಗಳುವುದಿಲ್ಲ.

ಮಗಳು ಈಗಲೂ ಪಕ್ಕದಲ್ಲಿ ಬಂದು ಕೂರುತ್ತಾಳೆ. ಹೊರಡುವ ಮುನ್ನ, "ಮೊದಲು ಬ್ರೇಕ್ ಒತ್ತಿ ನೋಡಪ್ಪ" ಎನ್ನುತ್ತಾಳೆ. ನಾನು ಒತ್ತಿ ನೋಡುತ್ತೇನೆ.