ಊರೇ ಮನೆಯಾದ ಬಗೆ

ತನ್ನ ಅಂಗಿಯ ಗುಂಡಿಗಳನ್ನು ದಿನವೂ ತಿರುಚಿ ತಿರುಚಿ ಕಿತ್ತುಹಾಕುವವನೊಬ್ಬ. ರಾತ್ರಿ ಮನೆಗೆಲಸವೆಲ್ಲ ಮುಗಿದ ಮೇಲೆ ಸೂಜಿ ದಾರ ಹಿಡಿದು ಅವೇ ಗುಂಡಿಗಳನ್ನು ಮತ್ತೆ ಹೊಲಿಯುವ ಗೃಹಿಣಿಯೊಬ್ಬಳು. ಅವನು ಅವಳ ಮಗನಲ್ಲ, ಗಂಡನಲ್ಲ, ನಂಟನೂ ಅಲ್ಲ. ಗಟ್ಟಿಯಾದ ನೈಲಾನ್ ದಾರದಿಂದ ಹೊಲಿದರೆ ಗುಂಡಿಗಳು ಕಿತ್ತುಬರಲಾರವಲ್ಲ ಎಂದು ಯಾರೋ ಸೂಚಿಸಿದಾಗ ಆಕೆ ಒಪ್ಪಲಿಲ್ಲ. ಗುಂಡಿ ಕೀಳುವುದು ಆತನಿಗೆ ಬೇಕಾದ ಕೆಲಸ. ಅದನ್ನು ತಪ್ಪಿಸುವುದು ಹಿತವಲ್ಲವೆಂಬುದು ಆಕೆಯ ನಿಲುವು. 1970ರ ದಶಕದಲ್ಲಿ ಬೆಲ್ಜಿಯಂ ದೇಶದ ಗೀಲ್ ಪಟ್ಟಣದಲ್ಲಿ ನೆಲಸಿ ಅಲ್ಲಿಯ ಜೀವನವನ್ನು ಅಭ್ಯಾಸ ಮಾಡಿದ ಅಮೆರಿಕದ ಎಲೆನ್ ಬ್ಯಾಕ್ಸ್ಟರ್ ಹೇಳಿರುವ ಪ್ರಸಂಗವಿದು.

ಬುದ್ಧಿ ಕದಡಿದವರನ್ನು ಗೋಡೆಯೊಳಗಿಡುವುದೇ ಲೋಕದ ರೂಢಿಯಾಗಿದ್ದ ಕಾಲದಿಂದಲೂ ಗೀಲ್‌ನ ರೈತರು ಅಂಥವರನ್ನು ತಮ್ಮ ಅಡುಗೆಮನೆಯ ಮೇಜಿಗೆ ಕರೆದು ಕೂರಿಸುತ್ತ ಬಂದಿದ್ದಾರೆ. ಇದರ ಮೂಲದಲ್ಲಿ ಒಂದು ಐತಿಹ್ಯವಿದೆ. ಐರ್ಲೆಂಡಿನ ರಾಜಕುಮಾರಿ ಡಿಂಫ್ನಾ, ಪತ್ನೀವಿಯೋಗದಿಂದ ಮತಿಗೆಟ್ಟು ಮಗಳನ್ನೇ ವರಿಸಹೊರಟ ತಂದೆಯಿಂದ ತಪ್ಪಿಸಿಕೊಂಡು ಇಲ್ಲಿಗೆ ಓಡಿಬಂದಳಂತೆ; ಬೆನ್ನಟ್ಟಿ ಬಂದ ತಂದೆಯ ಕೈಯಲ್ಲೇ ಹತಳಾದಳಂತೆ. ಆಕೆ ಮತಿವಿಕಲರ ರಕ್ಷಕಿಯೆಂಬ ನಂಬಿಕೆ ಬೆಳೆದು, ಗುಡಿಗೆ ಹರಕೆ ಹೊತ್ತವರು ತಂಡತಂಡವಾಗಿ ಬಂದರು. 1480ರಲ್ಲಿ ಚರ್ಚಿಗೆ ಹೊಂದಿಕೊಂಡಂತೆ ರೋಗಿಗಳ ಕೋಣೆಯೊಂದು ನಿರ್ಮಾಣವಾಯಿತು. ಒಂಬತ್ತು ದಿನಗಳ ವ್ರತಕ್ಕೆ ಬಂದವರಿಗೆ ಅದರಲ್ಲಿ ಸ್ಥಳ ಸಾಲದಾದಾಗ ನೆರೆಹೊರೆಯವರು ಬಾಗಿಲು ತೆರೆದರು. ವ್ರತ ಮುಗಿದರೂ ವಾಸಿಯಾಗದವರು ಅಲ್ಲಿಯೇ ಉಳಿದರು. ಐತಿಹ್ಯದ ಸತ್ಯಾಸತ್ಯ ಹೇಗೇ ಇರಲಿ, ಆ ಬಾಗಿಲುಗಳು ಇತಿಹಾಸದಲ್ಲಿ ನಿಜ.

ಎಲ್ಲವೂ ಕರುಣೆಯೇ ಆಗಿತ್ತೆಂದು ಭಾವಿಸಬೇಕಾಗಿಲ್ಲ. ಅತಿಥಿಯನ್ನಿಟ್ಟುಕೊಂಡ ಮನೆಗೆ ಹಣ ಸಲ್ಲುತ್ತಿತ್ತು. ಹೊಲಕ್ಕೆ ಎರಡು ಕೈಗಳು ದೊರೆಯುತ್ತಿದ್ದವು. ಫ್ರಾನ್ಸಿನ ಖ್ಯಾತ ವೈದ್ಯ ಎಸ್ಕಿರೋಲ್ 1821ರಲ್ಲಿ ಗೀಲ್‌ಗೆ ಬಂದಾಗ ಸ್ವತಂತ್ರವಾಗಿ ತಿರುಗಾಡುವ ರೋಗಿಗಳನ್ನು ಕಂಡಂತೆಯೇ ಕೆಲವರ ಮೈಮೇಲೆ ಸಂಕೋಲೆಗಳನ್ನೂ ಕಂಡನು. ಮನೆಯೆಂಬ ಮಾತ್ರಕ್ಕೆ ಅದು ಒಳ್ಳೆಯ ಮನೆಯಾಗಲಾರದು. ಮುಚ್ಚಿದ ಕದದ ಹಿಂದೆ ಆಸ್ಪತ್ರೆಯಲ್ಲಿ ನಡೆಯಬಹುದಾದ ಅನ್ಯಾಯವೆಲ್ಲ ಮನೆಯಲ್ಲಿಯೂ ನಡೆದೀತು. ನೋಡುವ ಕಣ್ಣುಗಳು ಮಾತ್ರ ಕಡಿಮೆ.

ಆ ಕಣ್ಣುಗಳನ್ನು ಒದಗಿಸಿದುದೇ ಹತ್ತೊಂಬತ್ತನೆಯ ಶತಮಾನದ ಸಾಧನೆ. 1850ರ ಬೆಲ್ಜಿಯಂ ಕಾಯಿದೆಯ ತರುವಾಯ ಗೀಲ್ ಸರ್ಕಾರದ ಮೇಲ್ವಿಚಾರಣೆಗೆ ಒಳಪಟ್ಟಿತು. 1862ರಲ್ಲಿ ಊರಿನಲ್ಲಿ ಒಂದು ಆಸ್ಪತ್ರೆ ತೆರೆಯಿತು. ಹೊಸದಾಗಿ ಬಂದವರನ್ನು ಮೊದಲು ಅಲ್ಲಿಟ್ಟು ನೋಡಿ, ಅವರವರ ಸ್ವಭಾವಕ್ಕೆ ಹೊಂದುವ ಮನೆಗೆ ಕಳುಹಿಸುವುದು ಪದ್ಧತಿಯಾಯಿತು. ವೈದ್ಯರೂ ದಾದಿಯರೂ ಮನೆಮನೆಗೆ ಹೋಗಿ, ಅತಿಥಿಯ ಕೋಣೆ, ಹಾಸಿಗೆ, ಊಟ, ಮೈಯ ಶುಚಿತ್ವ, ಎಲ್ಲವನ್ನೂ ವಿಚಾರಿಸತೊಡಗಿದರು. ಕಾಯಿಲೆ ಉಲ್ಬಣಿಸಿದರೆ ಆಸ್ಪತ್ರೆ; ಇಳಿದೊಡನೆ ಮರಳಿ ಮನೆ.

ಇಷ್ಟಾದರೂ ಮನೆಯವರು ವೈದ್ಯರಾಗಲಿಲ್ಲ. ಇದೇ ಗೀಲ್‌ನ ಸ್ವಾರಸ್ಯ. ಬಂದವನ ರೋಗದ ಹೆಸರನ್ನು ಕುಟುಂಬಕ್ಕೆ ತಿಳಿಸುವ ವಾಡಿಕೆಯಿಲ್ಲ. ಅವನನ್ನು ರೋಗಿಯೆನ್ನುವುದೂ ಇಲ್ಲ. ಊಟವಸತಿಗೆ ಇರುವವನು ಎಂಬರ್ಥದ ಪದವೇ ಬಳಕೆಯಲ್ಲಿದೆ. ಗೋಡೆಯಿಂದ ಸಿಂಹಗಳು ಹೊರಬರುತ್ತಿವೆಯೆಂದು ಒಬ್ಬ ನಡುಗಿದರೆ ಮನೆಯವರು ಸಿಂಹಗಳಿಲ್ಲವೆಂದು ವಾದಿಸದೆ ಅವುಗಳನ್ನು ಗದರಿಸಿ ಅಟ್ಟುತ್ತಿದ್ದರಂತೆ. ಶಾಸ್ತ್ರಜ್ಞರು ಏನೆನ್ನುವರೋ, ಸಿಂಹಗಳಂತೂ ಹೋಗುತ್ತಿದ್ದವು.

1938ರಲ್ಲಿ ಇಂಥ ಅತಿಥಿಗಳ ಸಂಖ್ಯೆ 3,736ಕ್ಕೆ ಏರಿತ್ತು. ಅನಂತರ ಇಳಿಮುಖ. ಹೊಸ ಔಷಧಿಗಳು ಬಂದವು, ಬೇಸಾಯ ಕುಗ್ಗಿತು, ಮನೆಯೊಡತಿಯರು ಉದ್ಯೋಗಕ್ಕೆ ಹೊರಟರು. ಹಗಲೆಲ್ಲ ಬೀಗ ಬೀಳುವ ಮನೆಯಲ್ಲಿ ಗುಂಡಿ ಕೀಳುವವನ ಜೊತೆಗಿರುವವರಾರು? ಈಗ ಉಳಿದಿರುವವರು ಬಹಳ ಕಡಿಮೆ ಮಂದಿಯಷ್ಟೆ. 2023ರಲ್ಲಿ ಯುನೆಸ್ಕೊ ಸಂಸ್ಥೆ ಗೀಲ್‌ನ ಪದ್ಧತಿಯನ್ನು ಪರಂಪರೆಯ ಸಂರಕ್ಷಣೆಯ ಉತ್ತಮ ಮಾದರಿಗಳ ಪಟ್ಟಿಗೆ ಸೇರಿಸಿದೆ. ಗೌರವವೇನೋ ದೊಡ್ಡದು, ಅದರಿಂದ ಒಂದು ಕೋಣೆಯಾದರೂ ಹೆಚ್ಚಾದೀತೆ ಎಂಬುದು ಬೇರೆಯ ಮಾತು.

ಬಂಧುಗಳಿಲ್ಲ, ಇದ್ದರೂ ಸೇರಿಸಿಕೊಳ್ಳರು ಎಂಬ ಏಕಮಾತ್ರ ಕಾರಣಕ್ಕಾಗಿ ಯಾರನ್ನೂ ಮಾನಸಿಕ ಚಿಕಿತ್ಸಾಲಯದಲ್ಲಿ ಉಳಿಸಿಕೊಳ್ಳಕೂಡದೆಂದು ಭಾರತದ 2017ರ ಮಾನಸಿಕ ಆರೋಗ್ಯ ಕಾಯಿದೆಯೂ ಹೇಳುತ್ತದೆ. ಹೊರಬಂದವನು ಯಾವ ಮನೆಯ ಬಾಗಿಲು ತಟ್ಟಬೇಕೆಂಬುದು ಕಾಯಿದೆಯ ಒಂದು ಸಾಲಿನಿಂದ ಬಗೆಹರಿಯತಕ್ಕ ಪ್ರಶ್ನೆಯಲ್ಲ. ಗೀಲ್‌ನಲ್ಲಿ ಕೆಲವು ಕುಟುಂಬಗಳಲ್ಲಿ ಅದು ಇನ್ನೊಂದು ಬಗೆಯಾಗಿ ಬಗೆಹರಿಯುತ್ತ ಬಂದಿದೆ. ಮನೆಯ ಹಿರಿಯರು ತೀರಿಕೊಂಡಾಗ, ಮಗನೋ ಮಗಳೋ ಮನೆ, ಮೇಜು, ಪಾತ್ರೆಗಳೊಂದಿಗೆ ಮೂಲೆಯ ಕೋಣೆಯ ವೃದ್ಧ ಅತಿಥಿಯನ್ನೂ ತಮ್ಮ ಪಾಲಿಗೆ ತೆಗೆದುಕೊಳ್ಳುತ್ತಾರೆ. ಚಿಕ್ಕಂದಿನಲ್ಲಿ ಅವರನ್ನು ಕೈಹಿಡಿದು ನಡೆಸಿದವನೂ ಅವನೇ ಆಗಿರುತ್ತಾನೆ.