ಹಳೇ ವೆಸ್ಪಾ, ಚೇತಕ್‌ಗಳ ಮೀಟರ್ ಮುಳ್ಳು ನಿಂತರೆ

ಬಜಾಜ್ ಕಂಪನಿ 1960ರ ದಶಕದಲ್ಲಿ ವೆಸ್ಪಾ ಸ್ಕೂಟರುಗಳನ್ನು ತಯಾರಿಸಿದ್ದು ಇಟಲಿಯ ಪಿಯಾಜಿಯೊ ಪರವಾನಗಿಯಲ್ಲಿ. 1972ರ ಚೇತಕ್‌ನ ಮೂಲವೂ ವೆಸ್ಪಾ ಸ್ಪ್ರಿಂಟ್.

ಇವುಗಳ ಸ್ಪೀಡೋಮೀಟರಿನ ಮುಳ್ಳಿಗೆ ಬ್ಯಾಟರಿ ಬೇಡ. ಮುಂದಿನ ಚಕ್ರದ ಬಳಿಯ ಸಣ್ಣ ಗೇರ್ ಕೇಬಲನ್ನು ತಿರುಗಿಸುತ್ತದೆ. ಕೇಬಲ್ ಮೀಟರಿನೊಳಗಿನ ಅಯಸ್ಕಾಂತವನ್ನು ತಿರುಗಿಸುತ್ತದೆ. ಅಯಸ್ಕಾಂತದ ಸೆಳೆತಕ್ಕೆ ಲೋಹದ ಬಟ್ಟಲು ಹೊರಳಿ ಮುಳ್ಳು ಏರುತ್ತದೆ. ವೇಗ ಇಳಿದಾಗ ತೆಳು ಸ್ಪ್ರಿಂಗ್ ಅದನ್ನು ಹಿಂದಕ್ಕೆ ತರುತ್ತದೆ.

ಪುತ್ತೂರು, ಸುಳ್ಯ, ಕಡಬದ ಜಡಿಮಳೆಯಲ್ಲಿ, ತೋಟದ ಕೆಸರುದಾರಿಯಲ್ಲಿ ಓಡುವ ಸ್ಕೂಟರಿನ ಕೇಬಲಿಗೆ ನೀರು ಇಳಿಯುತ್ತದೆ. ಒಳತಂತಿ ತುಕ್ಕು ಹಿಡಿದು ತುಂಡಾಗುತ್ತದೆ.

ಕಿಲೋಮೀಟರ್ ಅಂಕಿ ಓಡುತ್ತಿದ್ದು ಮುಳ್ಳು ಮಾತ್ರ ನಿಂತಿದ್ದರೆ, ದೋಷ ಮೀಟರಿನೊಳಗೆ. ಎರಡೂ ನಿಂತಿದ್ದರೆ ಮೀಟರಿನ ತುದಿಯಲ್ಲಿ ಕೇಬಲ್ ಬಿಚ್ಚಿ ಮುಂದಿನ ಚಕ್ರ ತಿರುಗಿಸಬೇಕು. ಒಳತಂತಿ ತಿರುಗಿದರೆ ಮೀಟರ್ ಕೆಟ್ಟಿದೆ. ತಿರುಗದಿದ್ದರೆ ತಂತಿಯನ್ನು ಎಳೆದು ನೋಡಬೇಕು: ತುಂಡಾಗಿದ್ದರೆ ಕೇಬಲ್ ಬದಲಿಸಬೇಕು, ಸರಿಯಿದ್ದರೆ ಗೇರಿನ ಹಲ್ಲು ಸವೆದಿರುತ್ತದೆ. ಮುಳ್ಳು ನಡುಗುವುದಕ್ಕೆ ಸಾಮಾನ್ಯ ಕಾರಣ ಒಣಗಿದ ಅಥವಾ ಮಡಚಿದ ಕೇಬಲ್.

ಹೊಸ ತಂತಿಗೆ ತೆಳುವಾಗಿ ಗ್ರೀಸ್ ಸವರಬೇಕು. ಮೀಟರ್ ಕಡೆಯ ತುದಿಗೆ ಮಾತ್ರ ಸವರಬಾರದು. ಗ್ರೀಸ್ ಮೇಲೇರಿ ಮೀಟರಿನೊಳಗೆ ಸೇರಿದರೆ ಬಟ್ಟಲಿಗೆ ಅಂಟಿ ಮುಳ್ಳು ತಪ್ಪು ವೇಗ ತೋರಿಸುತ್ತದೆ. ಗಾಜಿನೊಳಗೆ ಹಬೆ ಕಟ್ಟುತ್ತಿದ್ದರೆ ಅಂಚಿನ ರಬ್ಬರ್ ಉಂಗುರ ಬದಲಿಸಬೇಕು.

ಸ್ಪ್ರಿಂಗ್ ಅಥವಾ ಬಟ್ಟಲು ಕೆಟ್ಟಿದ್ದರೆ ಮೀಟರ್ ರಿಪೇರಿ ತಿಳಿದವರ ಕೈಗೆ ಕೊಡುವುದೇ ಸರಿ. ಇಡೀ ಮೀಟರ್ ಬದಲಿಸುವಾಗ ಹಳೆಯದರ ಕಿಲೋಮೀಟರ್ ಅಂಕಿಯನ್ನು ಬರೆದಿಡಬೇಕು. ಮುಂದೆ ಗಾಡಿ ಕೊಳ್ಳುವವರಿಗೆ ಅದರ ನಿಜವಾದ ಓಟ ತಿಳಿಯುವುದು ಆ ಬರಹದಿಂದಲೇ.